ಸೀಟು ಕೈತಪ್ಪದಿರಲಿ: ಬೇಗ ಅರ್ಜಿ ಹಾಕುವುದು, ಮುಂದಿನ ಸುತ್ತಿಗೆ ಕಾಯುವುದು



ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣದಿಂದ ನಮ್ಮ ಬಳಿ ಬರುವ ಮಕ್ಕಳಲ್ಲಿ ಅಂಕ ಕಡಿಮೆಯಾಗಿ ಸೀಟು ಕಳೆದುಕೊಂಡವರಿಗಿಂತ, ಒಂದು ಕಾಗದ ತಡವಾಗಿ ಕಳೆದುಕೊಂಡವರನ್ನು ಕಂಡಾಗ ನಮಗೆ ಹೆಚ್ಚು ಸಂಕಟವಾಗುತ್ತದೆ. ಅದಕ್ಕಾಗಿ ಈ ಬಾರಿಯ ವರದಿಯಲ್ಲಿ ಸಿಇಟಿ ಪ್ರವೇಶದ ಬಗ್ಗೆ ಒಂದು ಪಾಠ.

ಮೊದಲು ಕಾಗದ, ಆಮೇಲೆ ಪರೀಕ್ಷೆ

ಸಿಇಟಿ ಅರ್ಜಿ ಸಾಮಾನ್ಯವಾಗಿ ಜನವರಿ–ಫೆಬ್ರವರಿಯಲ್ಲಿ, ಪರೀಕ್ಷೆ ಏಪ್ರಿಲ್‌ನಲ್ಲಿ. ಆದರೆ ಸಿದ್ಧತೆ ದ್ವಿತೀಯ ಪಿಯುಸಿಯ ದಸರಾ ರಜೆಯಲ್ಲೇ ಶುರುವಾಗಬೇಕು.

1. ಜಾತಿ–ಆದಾಯ ಪ್ರಮಾಣಪತ್ರ: ನಮ್ಮ ಹೆಚ್ಚಿನ ಕುಟುಂಬಗಳು ಪ್ರವರ್ಗ 2ಬಿಗೆ ಸೇರಿವೆ, ನಾಡಕಚೇರಿಯಲ್ಲಿ ನಮೂನೆ–ಎಫ್ ಪಡೆಯಬೇಕು. ಪಿಂಜಾರ, ನದಾಫ್ ಕುಟುಂಬಗಳು ಪ್ರವರ್ಗ–1, ಅವರಿಗೆ ನಮೂನೆ–ಇ. ಪತ್ರ ವಿದ್ಯಾರ್ಥಿಯ ಹೆಸರಿನಲ್ಲೇ ಇರಬೇಕು. ಅದರ ಆರ್‌ಡಿ ಸಂಖ್ಯೆಯನ್ನು ಅರ್ಜಿಯಲ್ಲಿ ತುಂಬಬೇಕು. ಅವಧಿ ಮುಗಿದಿದ್ದರೆ ಮಗುವನ್ನು ಸಾಮಾನ್ಯ ವರ್ಗದಲ್ಲಿ ಎಣಿಸುತ್ತಾರೆ. 2ಬಿಯ ಶೇ 4 ಮೀಸಲಾತಿ ಆ ಮಗುವಿಗೆ ಇಲ್ಲದಂತಾಗುತ್ತದೆ.

2. ವ್ಯಾಸಂಗ ಪತ್ರ: 1ರಿಂದ 10ನೇ ತರಗತಿವರೆಗೆ ಹಳ್ಳಿಯಲ್ಲೇ ಓದಿದವರಿಗೆ ಗ್ರಾಮೀಣ ಮೀಸಲಾತಿ ಇದೆ. ಮುಖ್ಯೋಪಾಧ್ಯಾಯರು ಸಹಿ ಮಾಡಿದ ಪತ್ರಕ್ಕೆ ಬಿಇಒ ಮೇಲುಸಹಿಯೂ ಬೇಕು. ಎರಡು ಮೂರು ಶಾಲೆಗಳಲ್ಲಿ ಓದಿದ್ದರೆ ಪ್ರತಿ ಶಾಲೆಗೂ ಹೋಗಬೇಕಾಗುತ್ತದೆ. ಬೇಸಿಗೆ ರಜೆಯಲ್ಲಿ ಬಾಗಿಲು ಹಾಕಿರುತ್ತದೆ.

3. ಹೆಸರು: ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ 'ಬಾನು', ಆಧಾರ್‌ನಲ್ಲಿ 'ಬೇಗಂ', ಒಂದರಲ್ಲಿ 'ಮಹಮ್ಮದ್', ಇನ್ನೊಂದರಲ್ಲಿ ಬರೀ 'ಎಂಡಿ'. ಇದು ನಮ್ಮ ಮನೆಗಳ ಹಳೆಯ ತೊಂದರೆ. ಅಂಕಪಟ್ಟಿಯಲ್ಲಿರುವಂತೆ ಆಧಾರ್ ತಿದ್ದಿಸಿ. ಸರ್ಕಾರದ ವಿದ್ಯಾರ್ಥಿವೇತನ ಬರಲು ಬ್ಯಾಂಕ್ ಖಾತೆಗೂ ಆಧಾರ್ ಜೋಡಣೆಯಾಗಿರಲಿ.

ಆಪ್ಷನ್ ಎಂಟ್ರಿ

ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಎಂಜಿನಿಯರಿಂಗ್ ರ‍್ಯಾಂಕ್‌ಗೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕವನ್ನೂ ಸಿಇಟಿ ಅಂಕವನ್ನೂ ಅರ್ಧರ್ಧ ಪರಿಗಣಿಸುತ್ತದೆ. ರ‍್ಯಾಂಕ್ ಬಂದ ಮೇಲೆ ಕಾಲೇಜು ಮತ್ತು ಕೋರ್ಸುಗಳ ಪಟ್ಟಿ ಕೊಡಬೇಕು. ಅತಿ ಇಷ್ಟವಾದುದು ಮೊದಲು. 'ನಮಗೆಲ್ಲಿ ಸಿಗುತ್ತದೆ' ಎಂದು ಕೆಳಗೆ ಹಾಕಬೇಡಿ. ಸಿಕ್ಕರೂ ಸೇರಲಾರದ ಕಾಲೇಜನ್ನು ಬರೆಯಲೇಬೇಡಿ. ಬಸ್ಸಿನಲ್ಲಿ ಹೋಗಿ ಬರುವ ದೂರ, ಹಾಸ್ಟೆಲ್, ಶುಲ್ಕ ಎಲ್ಲವನ್ನೂ ಮನೆಯವರು ಕೂತು ಮಾತಾಡಿ. ಅಣಕು ಸೀಟು ಹಂಚಿಕೆಯಲ್ಲಿ ಬಂದದ್ದು ಸೀಟಲ್ಲ. ಅದನ್ನು ನೋಡಿ ಪಟ್ಟಿ ತಿದ್ದಿಕೊಳ್ಳುವ ಅವಕಾಶ ಅಷ್ಟೇ.

ಬೇಕಾದದ್ದು ಸಿಗದಿದ್ದಾಗ

ಮೊದಲ ಸುತ್ತಿನ ನಂತರ ನಾಲ್ಕು ದಾರಿಗಳಿವೆ. ಛಾಯ್ಸ್–1: ಸಿಕ್ಕ ಸೀಟು ಒಪ್ಪಿಗೆ, ಹೋಗಿ ಸೇರುತ್ತೇನೆ. ಛಾಯ್ಸ್–2: ಸೀಟು ನನಗಿರಲಿ, ಪಟ್ಟಿಯಲ್ಲಿ ಇದಕ್ಕಿಂತ ಮೇಲಿರುವುದು ಮುಂದಿನ ಸುತ್ತಿನಲ್ಲಿ ಸಿಕ್ಕರೆ ಕೊಡಿ. ಛಾಯ್ಸ್–3: ಈ ಸೀಟು ಬೇಡ, ಮುಂದಿನ ಸುತ್ತು ನೋಡುತ್ತೇನೆ. ಛಾಯ್ಸ್–4: ನನಗೆ ಯಾವುದೂ ಬೇಡ.

ಎರಡಕ್ಕೂ ಮೂರಕ್ಕೂ ಒಂದೇ ಅಂಕಿಯ ವ್ಯತ್ಯಾಸ, ಆದರೆ ಮಗುವಿನ ಒಂದು ವರ್ಷ ಅದರಲ್ಲಿದೆ. ಅರಕಲಗೂಡು ಕಡೆಯ ಒಬ್ಬ ಹುಡುಗಿಗೆ ಹಾಸನದಲ್ಲೇ ಸಿವಿಲ್ ಸಿಕ್ಕಿತ್ತು. ಮನಸ್ಸು ಕಂಪ್ಯೂಟರ್ ಸೈನ್ಸ್ ಮೇಲೆ. 'ಮುಂದಿನ ಸುತ್ತಿನಲ್ಲಿ ಬಂದೇ ಬರುತ್ತದೆ' ಎಂದು ಮಾಮು ಹೇಳಿದರು; ಛಾಯ್ಸ್–3 ಒತ್ತಿದಳು. ಎರಡನೇ ಸುತ್ತಿನಲ್ಲಿ ಯಾವುದೂ ಬರಲಿಲ್ಲ. ಅದೇ ವರ್ಷ ಚನ್ನರಾಯಪಟ್ಟಣದ ಹುಡುಗನ ತಂದೆ, ಗ್ಯಾರೇಜಿನಲ್ಲಿ ದುಡಿಯುವವರು, ನಮ್ಮ ಬಳಿ ಬಂದು, "ಮೇಷ್ಟ್ರೇ, ಇದ್ದದ್ದನ್ನ ಬಿಟ್ರೆ ಮುಂದೆ ಸಿಗತ್ತಾ?" ಎಂದು ಕೇಳಿದರು. "ಬಿಡಬೇಡಿ, ಇಟ್ಟುಕೊಂಡೇ ಕಾಯಿರಿ" ಎಂದೆವು. ಛಾಯ್ಸ್–2 ಹಾಕಿದ. ಮೇಲಿನದು ಅವನಿಗೂ ಬರಲಿಲ್ಲ, ಆದರೆ ಮೊದಲ ಸೀಟು ಉಳಿಯಿತು. ಇಂದು ಓದುತ್ತಿದ್ದಾನೆ. ಮೇಲಿನದು ಬಂದಿದ್ದರೆ ಹಳೆಯದು ತಾನಾಗಿ ರದ್ದಾಗುತ್ತಿತ್ತು. ಮತ್ತೆ ಹಳೆಯದೇ ಬೇಕೆಂದರೆ ಆಗದು.

ಆ ಹುಡುಗಿ ಮನೆಯಲ್ಲಿ ಕೂರಲಿಲ್ಲ. ಹಾಸನದಲ್ಲಿ ಬಿಎಸ್ಸಿ ಸೇರಿದಳು. ಮೊದಲೇ ಪದವಿ ಅರ್ಜಿ ಹಾಕಿಟ್ಟಿದ್ದರಿಂದ ಅದು ಸಾಧ್ಯವಾಯಿತು. ಆದ್ದರಿಂದ ಸಿಇಟಿ ಬರೆದವರೂ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ಪದವಿಗೆ ಅರ್ಜಿ ಹಾಕಿರಿ. ಕಾಯುವುದು ಎಂದರೆ ಸುಮ್ಮನೆ ಕೂರುವುದಲ್ಲ. ದಿನಾ ಸಂಜೆ ಪ್ರಾಧಿಕಾರದ ಜಾಲತಾಣ ನೋಡಿ. ಶುಲ್ಕದ ನಿಯಮ ಮತ್ತು ಕೊನೆಯ ದಿನಾಂಕವನ್ನು ಆ ವರ್ಷದ ಸೂಚನೆಯಲ್ಲೇ ಓದಿ, ಯಾರದೋ ವಾಟ್ಸಾಪ್ ಸಂದೇಶ ನಂಬಬೇಡಿ. ಪಾಸ್‌ವರ್ಡ್ ಸೈಬರ್ ಅಂಗಡಿಯವರ ಬಳಿ ಬಿಡಬೇಡಿ. ಮಗುವಿಗೆ 'ನಿನ್ನಿಂದ ಆಗಲಿಲ್ಲ' ಎಂದು ಹೇಳಬೇಡಿ.

ನಮ್ಮದೂ ಒಂದು ತಪ್ಪು

ಇನ್ನೊಂದನ್ನು ಮುಚ್ಚಿಡಬಾರದು. ಹೊಳೆನರಸೀಪುರದ ಒಂದು ಕುಟುಂಬಕ್ಕೆ ನಾವು ಮಂಜೂರು ಮಾಡಿದ ಚೆಕ್, ಶುಲ್ಕದ ಕೊನೆಯ ದಿನ ಕಳೆದ ಮೇಲೆ ತಲುಪಿತು. ತಾಯಿ ಬಳೆ ಅಡವಿಟ್ಟು ಸೀಟು ಉಳಿಸಿಕೊಂಡಿದ್ದರು. ಬೇಗ ಅರ್ಜಿ ಹಾಕಿ ಎಂದು ಮಕ್ಕಳಿಗೆ ಹೇಳುವ ನಾವೇ ತಡಮಾಡಿದ್ದೆವು. ಅಂದಿನಿಂದ ಆಯ್ಕೆ ಸಭೆಯನ್ನು ಸೀಟು ಹಂಚಿಕೆಗೆ ಮೊದಲೇ ನಡೆಸುತ್ತಿದ್ದೇವೆ.

ದಾನಿಗಳಲ್ಲಿ ನಮ್ಮ ವಿನಂತಿ ಇಷ್ಟೇ: ಝಕಾತ್ ಹೆಚ್ಚಾಗಿ ರಮಝಾನಿನಲ್ಲಿ ಬರುತ್ತದೆ, ಶುಲ್ಕ ಕಟ್ಟುವುದು ಮಳೆಗಾಲದಲ್ಲಿ. ಆ ಮೂರು ನಾಲ್ಕು ದಿನದ ತುರ್ತಿಗೆಂದು ನಿಮ್ಮ ಸದಕಾದ ಒಂದು ಪಾಲನ್ನು ತೆಗೆದಿರಿಸಿ. ಪೋಷಕರಲ್ಲಿ ವಿನಂತಿ: ಫಲಿತಾಂಶಕ್ಕೆ ಕಾಯದೆ ವಿದ್ಯಾರ್ಥಿವೇತನದ ಅರ್ಜಿ ಕೊಡಿ, ಅಂಕಪಟ್ಟಿ ಆಮೇಲೆ ಸೇರಿಸಬಹುದು. ಛಾಯ್ಸ್ ಒತ್ತುವ ಮೊದಲು ಒಮ್ಮೆ ನಮ್ಮ ಕಚೇರಿಗೆ ಬನ್ನಿ, ಕೂತು ನೋಡೋಣ.

ಅಲ್ಲಾಹನು ನಮ್ಮ ಮಕ್ಕಳ ವಿದ್ಯೆಯಲ್ಲಿ ಬರಕತ್ ನೀಡಲಿ. ಆಮೀನ್.