ಬಚ್ಚಲ ನೀರಿನ ಲೆಕ್ಕ

ಹುಬ್ಬಳ್ಳಿ-ಧಾರವಾಡದಲ್ಲಿ ನೀರಿನ ಖರ್ಚನ್ನು ನಳದ ಬಿಲ್ಲಿನಲ್ಲಿ ಹುಡುಕಬಾರದು. ಅದು ಬೇಸಗೆಯ ಟ್ಯಾಂಕರಿನಲ್ಲಿದೆ, ಬೋರಿನ ಕರೆಂಟಿನಲ್ಲಿದೆ, ವಾರದ ನೀರು ಹಿಡಿದಿಡಲು ನೆಲದಡಿ ಕಟ್ಟಿಸಿದ ಟಾಕಿಯಲ್ಲಿದೆ. 2008ರಲ್ಲಿ ಅವಳಿ ನಗರದ ಎಂಟು ವಾರ್ಡುಗಳಿಗೆ 24 ತಾಸು ನೀರು ಬಂದಾಗ ಉಳಿದ ಓಣಿಯವರೆಲ್ಲ ಆಸೆಯಿಂದ ನೋಡಿದೆವು. ಟಾಕಿ ಇಲ್ಲದೆ ಬದುಕುವ ಧೈರ್ಯ ನಮಗೆ ಇನ್ನೂ ಬಂದಿಲ್ಲ.

ನಮ್ಮದು ಎಂಟು ಮನೆಗಳ ಹಳೆಯ ಅಪಾರ್ಟ್‌ಮೆಂಟ್. ಬಚ್ಚಲ ನೀರನ್ನು ಸೋಸಿ ಸಂಡಾಸಿಗೆ ಬಿಡುವ ಮಾತು ಬಂದಾಗ ಹಿರಿಯರೊಬ್ಬರು, “ಒಳ್ಳೇದ ಅದರಿ, ಆದರ ರೊಕ್ಕ ಎಷ್ಟು ದಿನಕ್ಕ ಹೊಳ್ಳಿ ಬರತದ?” ಎಂದರು. ಕೇಳಬೇಕಾದ ಪ್ರಶ್ನೆಯೇ ಅದು.

ರಾಷ್ಟ್ರೀಯ ಕಟ್ಟಡ ಸಂಹಿತೆ ತಲೆಗೆ ದಿನಕ್ಕೆ 135 ಲೀಟರ್ ನೀರು ಲೆಕ್ಕ ಹಿಡಿಯುತ್ತದೆ. ಅದರಲ್ಲಿ 45 ಲೀಟರ್ ಫ್ಲಶ್ಶಿಗೆ. ಮಲಪ್ರಭೆಯಿಂದ ಎತ್ತಿ, ಅಮ್ಮಿನಬಾವಿಯಲ್ಲಿ ಶುದ್ಧಮಾಡಿ ತಂದ ನೀರಿನ ಮೂರನೇ ಒಂದು ಪಾಲು ಹೀಗೆ ಹೋಗುವುದು ನನಗೆ ಸಹಿಸದ ಸಂಗತಿ. ಮನೆಗೆ ನಾಲ್ವರಂತೆ ಎಂಟು ಮನೆಗೆ ತಿಂಗಳಿಗೆ 43,200 ಲೀಟರ್, ಅಂದರೆ ಆರು ಸಾವಿರ ಲೀಟರಿನ ಏಳು ಟ್ಯಾಂಕರ್. ನಾವು ಹಿಡಿತದಲ್ಲಿ ಬಳಸುವವರಾದ್ದರಿಂದ ಅರ್ಧ ಹಿಡಿದೆವು. ಟ್ಯಾಂಕರಿಗೆ 800 ರೂಪಾಯಿಯಂತೆ, ಬೇಸಗೆಯ ನಾಲ್ಕು ತಿಂಗಳಿಗೆ ಉಳಿತಾಯ ಸುಮಾರು 11,200. ಎಲ್ಲ ಮನೆಗಳ ಗೋಡೆ ಒಡೆದು, ಟೈಲ್ಸ್ ಕಿತ್ತು, ಬೇರೆ ಪೈಪು ಎಳೆಯಲು ಮೂರು ಲಕ್ಷವಾದರೆ ರೊಕ್ಕ ಹೊಳ್ಳಿ ಬರಲು 27 ವರ್ಷ ಬೇಕು.

ಆದ್ದರಿಂದ ಫ್ಲಶ್ಶಿನ ವಿಚಾರ ಬಿಟ್ಟೆವು, ನೀರನ್ನು ಬಿಡಲಿಲ್ಲ. ಬಚ್ಚಲು ಮತ್ತು ವಾಷಿಂಗ್ ಮಷೀನಿನ ಪೈಪುಗಳು ಹೊರಗೋಡೆಯಲ್ಲೇ ಇಳಿಯುತ್ತಿದ್ದವು. ಅವನ್ನು ಗಟಾರದಿಂದ ತಪ್ಪಿಸಿ ಕೆಸರು ತಂಗುವ ಗುಂಡಿಗೆ, ಅಲ್ಲಿಂದ ಜಲ್ಲಿ-ಉಸುಕಿನ ಮೇಲೆ ಕಾಬಾಳೆ ನೆಟ್ಟ ಮಡಿಗೆ ತಿರುಗಿಸಿದೆವು. ತೆಂಗು, ಬಾಳೆಗೆ ಈಗ ಅದೇ ನೀರು. ಅಡುಗೆಮನೆಯದನ್ನು ಸೇರಿಸಲಿಲ್ಲ, ಜಿಡ್ಡು ಉಸುಕನ್ನು ಕಟ್ಟಿಬಿಡುತ್ತದೆ. ಸೋಸಿದ ನೀರನ್ನೂ ಒಂದು ದಿನಕ್ಕಿಂತ ಹೆಚ್ಚು ನಿಲ್ಲಿಸುವುದಿಲ್ಲ, ನಾರುತ್ತದೆ.

ನಮ್ಮ ಎರಿ ಮಣ್ಣಿನ ಬಗ್ಗೆ ಎಚ್ಚರ ಬೇಕು. ಸಾಬೂನು ಪುಡಿಯ ಸೋಡಿಯಂ ಕೂಡುತ್ತ ಹೋದರೆ ಈ ಮಣ್ಣು ಬಿಗಿದು ನೀರು ಇಂಗುವುದಿಲ್ಲ. ಪುಡಿ ಕಡಿಮೆ ಹಾಕುವುದು, ಮಳೆಗಾಲದಲ್ಲಿ ಮಡಿಯನ್ನು ಮಳೆನೀರಿಗೇ ಬಿಟ್ಟು ಉಪ್ಪು ತೊಳೆಯಗೊಡುವುದು, ಎರಡಕ್ಕೂ ಖರ್ಚಿಲ್ಲ. ಆದರೆ ಗುಂಡಿ ಬಳಿಯುವವರ ಕೂಲಿಯನ್ನು ತಿಂಗಳ ಮೆಂಟೆನನ್ಸಿನಲ್ಲೇ ತೆಗೆದಿಡಬೇಕು. ಆ ದುಡ್ಡು ಗೊತ್ತುಮಾಡದೆ ಕೆಲಸ ಶುರುಮಾಡಲು ನಾನು ಒಪ್ಪುವುದಿಲ್ಲ.

ಹೊಸದಾಗಿ ಕಟ್ಟಿಸುವವರ ಲೆಕ್ಕ ಪೂರ್ತಿ ಬೇರೆ. ಗಿಲಾವಿಗೆ ಮೊದಲೇ ಬಚ್ಚಲಿಗೊಂದು, ಸಂಡಾಸಿಗೊಂದು ಬೇರೆ ಲೈನು ಹಾಕಿಸಿದರೆ ತಗಲುವುದು ಪೈಪಿನ ಬೆಲೆ, ಕೂಲಿ ಮಾತ್ರ. ಒಡೆಯುವ ಖರ್ಚೇ ಇಲ್ಲ. ಫ್ಲ್ಯಾಟ್ ಕೊಳ್ಳುವವರು ಮುಂಗಡ ಕೊಡುವ ಮೊದಲು ಪ್ಲಂಬಿಂಗ್ ನಕ್ಷೆ ಕೇಳಿರಿ, ಎರಡು ಲೈನು ಬೇರೆಯಾಗಿ ಇಳಿದಿವೆಯೇ ಎಂದು ಬೆರಳಿಟ್ಟು ನೋಡಿರಿ.