ಮನೆಯ ವಿದ್ಯುತ್ತು: ಸುರಕ್ಷತೆ ಮತ್ತು ಮಿತವ್ಯಯ

ಮಳೆಗಾಲದ ಒಂದು ಬೆಳಗ್ಗೆ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಗಂಡ ಹೆಂಡತಿ ಇಬ್ಬರನ್ನೂ ಒಂದೇ ವಾಹನದಲ್ಲಿ ಕರೆತಂದರು. ಕಬ್ಬಿಣದ ತಂತಿಯ ಮೇಲೆ ಒದ್ದೆ ಬಟ್ಟೆ ಹರವುತ್ತಿದ್ದಾಗ ಆಕೆಗೆ ವಿದ್ಯುತ್ತು ತಗುಲಿತ್ತು. ಪತಿಯು ಓಡಿಬಂದು ಬರಿಗೈಯಿಂದ ಆಕೆಯನ್ನು ಎಳೆದನು. ಆಕೆ ಬದುಕಿದಳು, ಆತನು ಬದುಕಲಿಲ್ಲ. ದನದ ಕೊಟ್ಟಿಗೆಗೆ ಆತನೇ ಎಳೆದಿದ್ದ ವೈರಿನ ಹೊದಿಕೆ ಸವೆದು ತಗಡಿನ ಮಾಡಿಗೆ ತಾಗಿತ್ತು. ಬಟ್ಟೆಯ ತಂತಿಯನ್ನು ಕಟ್ಟಿದ್ದುದು ಅದೇ ಮಾಡಿಗೆ.

ಕುಟುಂಬದ ಕ್ಷೇಮವು ಔಷಧಿ, ಚುಚ್ಚುಮದ್ದುಗಳಿಂದ ಮಾತ್ರ ಸಾಧ್ಯವಾಗುವುದಿಲ್ಲ. ಆದುದರಿಂದ ಈ ಪಾಠವನ್ನು ದಂಪತಿಗಳಿಬ್ಬರೂ ಕೂಡಿ ಓದಬೇಕು.

ದೇಹಕ್ಕೆ ಏನಾಗುತ್ತದೆ?

ಮನೆಗೆ ಬರುವ ವಿದ್ಯುತ್ತಿನ ಒತ್ತಡ 230 ವೋಲ್ಟ್. ಒಣಗಿದ ಚರ್ಮವು ಅದನ್ನು ಸ್ವಲ್ಪಮಟ್ಟಿಗೆ ತಡೆಯುತ್ತದೆ. ಒದ್ದೆಯಾದ ಚರ್ಮವು ಹೆಚ್ಚಾಗಿ ತಡೆಯಲಾರದು. ವಿದ್ಯುತ್ತು ಕೈಯಿಂದ ಎದೆಯ ಮೂಲಕ ಕಾಲಿಗೆ ಹರಿದರೆ ಹೃದಯವು ಲಯ ತಪ್ಪಿ ನಿಂತುಹೋಗಬಹುದು. ಕೈಯ ಸ್ನಾಯುಗಳು ಬಿಗಿದುಕೊಳ್ಳುವುದರಿಂದ ಹಿಡಿದುದನ್ನು ಬಿಡಲು ಆಗುವುದಿಲ್ಲ.

ವೈರಿಂಗ್ ಮಾಡಿಸುವಾಗ

1. ಮನೆಯಿರಲಿ, ಅಂಗಡಿಯಿರಲಿ, ಹಿಟ್ಟಿನ ಗಿರಣಿಯಿರಲಿ, ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದಲೇ ಕೆಲಸ ಮಾಡಿಸಿರಿ. ಐ.ಎಸ್.ಐ. ಗುರುತಿನ ಸಾಮಾನುಗಳನ್ನೇ ಕೊಳ್ಳಿರಿ.

2. ಅರ್ಥಿಂಗ್ ಇಲ್ಲದೆ ವೈರಿಂಗ್ ಪೂರ್ಣವಾಗುವುದಿಲ್ಲ. ಮೂರು ಕಡ್ಡಿಯ ಪ್ಲಗ್ಗಿನ ದಪ್ಪ ಕಡ್ಡಿಯಿರುವುದು ಅದಕ್ಕಾಗಿಯೇ, ಅದನ್ನು ಮುರಿಯಬೇಡಿರಿ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ನೀರು ಹಾಕಿರಿ.

3. ಫ್ಯೂಸ್ ವೈರನ್ನು ಕಾಯುತ್ತದೆ, ಮನುಷ್ಯನನ್ನು ಕಾಯಲಾರದು. ಮನುಷ್ಯನನ್ನು ಕಾಯಲು 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಎಂಬ ಸಾಧನ ಬೇಕು. ವಿದ್ಯುತ್ತು ಭೂಮಿಗೆ ಸೋರಿದೊಡನೆ ಅದು ಕ್ಷಣಾರ್ಧದಲ್ಲಿ ಸಂಪರ್ಕವನ್ನು ಕಡಿಯುತ್ತದೆ. ಅದರ ಪರೀಕ್ಷಾ ಗುಂಡಿಯನ್ನು ಆಗಾಗ ಒತ್ತಿ ನೋಡಿರಿ.

4. ಸುಟ್ಟ ಫ್ಯೂಸಿಗೆ ದಪ್ಪ ತಂತಿ ಕಟ್ಟಬೇಡಿರಿ. ಮನೆಗೆ ಬೆಂಕಿ ಬೀಳಬಹುದು.

5. ಬಟ್ಟೆ ಒಣಗಿಸಲು ಲೋಹದ ತಂತಿಯ ಬದಲು ಪ್ಲಾಸ್ಟಿಕ್ ಹಗ್ಗವನ್ನು ಕಟ್ಟಿರಿ. ಒದ್ದೆ ಕೈಯಿಂದ ಸ್ವಿಚ್ ಮುಟ್ಟಬೇಡಿರಿ.

ವಿದ್ಯುತ್ತು ತಗುಲಿದಾಗ

ತಗುಲಿದವರನ್ನು ಮುಟ್ಟಬೇಡಿರಿ. ಮೊದಲು ಮೈನ್ ಸ್ವಿಚ್ ಆರಿಸಿರಿ. ಅದು ಸಾಧ್ಯವಾಗದಿದ್ದರೆ ಒಣ ಹಲಗೆಯ ಮೇಲೆ ನಿಂತು, ಒಣ ಮರದ ಕೋಲಿನಿಂದ ತಂತಿಯನ್ನು ದೂರ ಸರಿಸಿರಿ. ಕಂಬದ ತಂತಿ ಹರಿದು ಬಿದ್ದಿದ್ದರೆ ಹತ್ತಿರ ಹೋಗದೆ 1912ಕ್ಕೆ ಕರೆ ಮಾಡಿರಿ.

ಬಿಡಿಸಿದ ಮೇಲೆ ಪ್ರಜ್ಞೆಯಿಲ್ಲದೆ, ಉಸಿರೂ ಇಲ್ಲದಿದ್ದರೆ, 108ಕ್ಕೆ ಕರೆ ಮಾಡಿಸಿ, ಎದೆಯ ನಡುಭಾಗವನ್ನು ಎರಡೂ ಅಂಗೈಗಳಿಂದ ನಿಮಿಷಕ್ಕೆ 100ರಿಂದ 120 ಬಾರಿ ಬಲವಾಗಿ ಒತ್ತಿರಿ. ದೊಡ್ಡವರಿಗೆ ಎದೆಯು 5 ಸೆಂಟಿಮೀಟರಿನಷ್ಟಾದರೂ ತಗ್ಗಬೇಕು. ನೆರವು ಬರುವವರೆಗೆ ನಿಲ್ಲಿಸಬೇಡಿರಿ. ಮಣ್ಣಿನಲ್ಲಿ ಹೂಳುವುದು, ಬಾಯಿಗೆ ನೀರು ಹಾಕುವುದು ಸಲ್ಲದು. ಎದ್ದು ಕುಳಿತವರನ್ನೂ ವೈದ್ಯರಿಗೆ ತೋರಿಸಿರಿ. ಮೇಲೆ ಸಣ್ಣ ಗಾಯವಿದ್ದರೂ ಒಳಗೆ ಹೆಚ್ಚು ಸುಟ್ಟಿರಬಹುದು.

ಉಳಿತಾಯ

1000 ವ್ಯಾಟಿನ ಸಾಧನ ಒಂದು ಗಂಟೆ ನಡೆದರೆ ಒಂದು ಯೂನಿಟ್ ಖರ್ಚಾಗುತ್ತದೆ. 60 ವ್ಯಾಟಿನ ಹಳೆಯ ಬಲ್ಬು ದಿನಕ್ಕೆ 5 ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್; ಸುಮಾರು ಅಷ್ಟೇ ಬೆಳಕು ಕೊಡುವ 9 ವ್ಯಾಟಿನ ಎಲ್.ಇ.ಡಿ. ಬಲ್ಬಿಗೆ ಒಂದೂವರೆ ಯೂನಿಟ್‌ಗಿಂತ ಕಡಿಮೆ. ಒಂದು ದೀಪದಿಂದಲೇ ಇಷ್ಟು ಉಳಿದರೆ ಇಡೀ ಮನೆಯ ಲೆಕ್ಕವನ್ನು ನೀವೇ ಹಾಕಿ ನೋಡಿರಿ. ಹೀಗೆ ಉಳಿಸಿದ ಹಣವನ್ನು ಆರ್.ಸಿ.ಸಿ.ಬಿ. ಹಾಕಿಸಲು ಬಳಸಬಹುದು.

ಇಂದು ಸಂಜೆಯೇ ದಂಪತಿಗಳಿಬ್ಬರೂ ಮೈನ್ ಸ್ವಿಚ್ಚಿನ ಬಳಿ ನಿಂತು ಅದನ್ನು ಒಮ್ಮೆ ಆರಿಸಿ ಹಾಕಿರಿ. ಕತ್ತಲಲ್ಲಿಯೂ ಅದರ ಜಾಗ ಇಬ್ಬರಿಗೂ ತಿಳಿದಿರಬೇಕು.

ನೆನಪಿಡಿರಿ: ಮೊದಲು ಸ್ವಿಚ್ಚಿಗೆ ಕೈ, ಅನಂತರ ಮನುಷ್ಯನಿಗೆ.