‘ಆಯಿ’ ಎಂಬ ಒಂದು ಶಬ್ದ

ಗದಗ-ಬೆಟಗೇರಿ, ಮುಂಡರಗಿ ಕಡೆಯ ಎಷ್ಟೋ ಮನೆಗಳಲ್ಲಿ ಅಜ್ಜಿಯನ್ನು ‘ಆಯಿ’ ಎಂದು ಕರೆಯುವುದು ರೂಢಿ. ನನ್ನ ಮಟ್ಟಿಗೆ ಈ ಶಬ್ದಕ್ಕೆ ಬೇರೆ ಅರ್ಥವೇ ಇರಲಿಲ್ಲ. ಹೋದ ವರ್ಷ ವಿದ್ಯಾರ್ಥಿನಿಲಯದ ಗೆಳೆಯನೊಬ್ಬನು ಊರಿನಿಂದ ಮರಳಿ, “ಆಯಿ ತೀರಿಕೊಂಡಳು” ಎಂದನು. “ಭಾಳ ವಯಸ್ಸಾಗಿತ್ತೇನು?” ಎಂದೆ. ಅವನು ಉತ್ತರ ಕೊಡದೆ ಎದ್ದು ಹೋದನು. ಅವನ ಮನೆಮಾತು ಮರಾಠಿ. ಅಲ್ಲಿ ‘ಆಯಿ’ ಎಂದರೆ ತಾಯಿ, ಅಜ್ಜಿಗೆ ‘ಆಜಿ’. ನಮ್ಮ ಮನೆತನದಲ್ಲಿ ಮೊದಲು ಕಾಲೇಜು ಕಂಡವನೆಂಬ ನನ್ನ ಹೆಮ್ಮೆ ಅಂದು ಇಳಿಯಿತು.

ಮರಾಠಿ ನಮಗೇನೂ ದೂರದ ಭಾಷೆಯಲ್ಲ. 1948ರ ವರೆಗೆ ಲಕ್ಷ್ಮೇಶ್ವರವು ಮಿರಜ ಸಂಸ್ಥಾನಕ್ಕೂ ಶಿರಹಟ್ಟಿಯು ಸಾಂಗಲಿ ಸಂಸ್ಥಾನಕ್ಕೂ ಸೇರಿದ್ದವು. ಆಳಿದ ಪಟವರ್ಧನ ಮನೆತನದ ಮಾತು ಮರಾಠಿ. ತೆಲುಗಿನಲ್ಲಿ ಇದಕ್ಕೆ ತಿರುಗುಮುರುಗು: ನಮಗೆ ತಾಯಿಯಾದ ‘ಅವ್ವ’ ಅಲ್ಲಿ ಅಜ್ಜಿ. ಹಿಂದಿಯಲ್ಲಂತೂ ‘ಆಯಿ’ ಎಂಬ ಧ್ವನಿ ಬಂಧುವಾಚಕವೇ ಅಲ್ಲ. ‘ಬಂದಳು’ ಎಂಬ ಕ್ರಿಯಾಪದ.

ಧ್ವನಿ ಒಂದೇ ಆದ ಮಾತ್ರಕ್ಕೆ ಅರ್ಥವೂ ಒಂದೇ ಎಂದು ತಿಳಿಯಬಾರದು. ಅಂದು ರಾತ್ರಿಯೇ ಗೆಳೆಯನ ಕ್ಷಮೆ ಬೇಡಿದೆ. ಈಗ ಪರಿಚಿತ ಶಬ್ದ ಕಿವಿಗೆ ಬಿದ್ದರೂ, ಅದು ಯಾರ ಮನೆಯ ಮಾತೆಂದು ಮೊದಲು ವಿಚಾರಿಸುತ್ತೇನೆ.